ಮೌಂಟಿನ ಅಡಿಯಲ್ಲಿ ಉಳಿದ ಬಣ್ಣ: ಒಬ್ಬ ಚಿತ್ರಕಲಾವಿದೆಯ ಅಭ್ಯಾಸ ಬದಲಾದ ಬಗೆ

ಈ ಪ್ರಕರಣದ ಕಲಾವಿದೆಯನ್ನು ನಾನು ಬಹಳ ವರ್ಷಗಳಿಂದ ಬಲ್ಲೆ. ತಿಂಗಳಿಗೊಮ್ಮೆ ಅವರ ಕೆಲಸದ ಕೋಣೆಗೆ ಹೋಗಿ, ಆ ತಿಂಗಳು ಆದದ್ದನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಇಬ್ಬರೂ ನೋಡುವುದು ನಮ್ಮ ರೂಢಿ. ಇಲ್ಲಿರುವುದು ಆ ಭೇಟಿಗಳಲ್ಲಿ ನಾನು ಬರೆದಿಟ್ಟುಕೊಂಡ ಟಿಪ್ಪಣಿಗಳನ್ನೂ, ಓದಲೆಂದು ಅವರೇ ಕೊಟ್ಟ ಕೆಲವು ದಿನಚರಿ ಪುಟಗಳನ್ನೂ ಆಧರಿಸಿದ ಬರಹ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಬರಹವನ್ನು ಅವರು ಓದಿ ಒಪ್ಪಿದ್ದಾರೆ.

ಹಿನ್ನೆಲೆ

ಸುಮಾರು 15 ವರ್ಷ ಅವರು ಜಲವರ್ಣದಲ್ಲಿ ನಿಸರ್ಗದೃಶ್ಯಗಳನ್ನು ಬರೆಯುತ್ತಿದ್ದರು. ಕಾಡಿನಂಚು, ತೊರೆ, ನೀರಿನಲ್ಲಿ ಬಾಗಿದ ಜೊಂಡು ಅವರ ವಸ್ತುಗಳು. ಹೊರಗೆ ಹೋಗಿ ಛಾಯಾಚಿತ್ರ ತೆಗೆದು, ಮನೆಗೆ ಮರಳಿ, ದಪ್ಪನೆಯ ಹತ್ತಿಕಾಗದದ ಮೇಲೆ ತೆಳು ಪದರಗಳನ್ನು ಒಂದರ ಮೇಲೊಂದು ಒಣಗಿಸುತ್ತಾ ಚಿತ್ರ ಕಟ್ಟುವುದು ಅವರ ಕ್ರಮ. ನೀರಿನ ಮೇಲಿನ ಬೆಳಕಿಗಾಗಿ ಕಾಗದದ ಬಿಳುಪನ್ನು ಎಲ್ಲಿ ಮುಟ್ಟದೆ ಬಿಡಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರನ್ನು ನಾನು ಹೆಚ್ಚು ಕಂಡಿಲ್ಲ. ಚಿತ್ರಗಳಿಗೆ ಕೊಳ್ಳುವವರೂ ಇದ್ದರು.

ಅಷ್ಟರಲ್ಲಿ ಅವರ ತಂದೆಗೆ ಮರೆವಿನ ಕಾಯಿಲೆ ಕಾಣಿಸಿಕೊಂಡಿತು. ಅವರನ್ನು ಮಗಳು ತನ್ನ ಮನೆಗೇ ಕರೆತಂದರು. ಮೊದಲ ಆರು ತಿಂಗಳು ಹೇಗೋ ನಡೆಯಿತು. ಆಮೇಲೆ ತಂದೆಯನ್ನು ಒಂಟಿಯಾಗಿ ಬಿಟ್ಟು ಹೊರಡುವುದು ಆಗದ ಮಾತಾಯಿತು. ಹೊರಗಿನ ತಿರುಗಾಟ ನಿಂತುಹೋಗಿ, ಹಳೆಯ ಛಾಯಾಚಿತ್ರಗಳ ರಾಶಿಯಿಂದಲೇ ಚಿತ್ರಗಳು ಹುಟ್ಟತೊಡಗಿದವು. ಆ ಕಾಲದ ಹಾಳೆಗಳು ಈಗಲೂ ನನ್ನ ಕಣ್ಣ ಮುಂದಿವೆ: ಕೈಚಳಕದಲ್ಲಿ ಒಂದಿಷ್ಟೂ ಕೊರತೆಯಿಲ್ಲ, ಆದರೆ ಆ ದಿನ ಬಿಸಿಲಿತ್ತೋ ಮೋಡವಿತ್ತೋ ಎಂದು ಬರೆದವರಿಗೇ ನೆನಪಿಲ್ಲದ ಚಿತ್ರಗಳು ಅವು.

ಸಮಸ್ಯೆ

ಒಂದು ಭೇಟಿಯಲ್ಲಿ ಅವರು ಹೇಳಿದ ಮಾತನ್ನು ಅಂದೇ ಬರೆದಿಟ್ಟುಕೊಂಡಿದ್ದೆ: "ಬೆಳಗಿನಿಂದ ರಾತ್ರಿಯವರೆಗೆ ನಾನು ಬದುಕುವುದೇ ಒಂದು, ಈ ಕೋಣೆಗೆ ಬಂದು ಬರೆಯುವುದೇ ಇನ್ನೊಂದು." ಬದುಕಿನ ಅಷ್ಟು ದೊಡ್ಡ ಪಾಲನ್ನು ಹೊರಗಿಟ್ಟು ತೊರೆಯ ನೀರನ್ನೇ ಬರೆಯುತ್ತಾ ಕೂರುವುದು ಅವರಿಗೆ ಸುಳ್ಳೆನಿಸತೊಡಗಿತ್ತು. ಹಾಗೆಂದು ನಿಸರ್ಗವನ್ನು ಬಿಟ್ಟು ಬೇರೆ ವಸ್ತುವಿಗೆ ಹೊರಳುವ ಮನಸ್ಸೂ ಇರಲಿಲ್ಲ, ಅವರ ಕೈ ಪಳಗಿದ್ದೇ ಅದರಲ್ಲಿ. ಕಂಡ ನಿಸರ್ಗವೂ ಉಂಡ ನೋವೂ ಒಂದೇ ಹಾಳೆಯ ಮೇಲೆ ಹೇಗೆ ಬರಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು.

ಮೊದಲ ಪ್ರಯತ್ನ: ಸಂಕೇತಗಳು

ಮೊದಲು ಅವರು ಹಿಡಿದದ್ದು ಕೈಗೆ ಬೇಗ ಸಿಗುವ ದಾರಿಯನ್ನು. ಒಂಬತ್ತು ದೊಡ್ಡ ಚಿತ್ರಗಳ ಒಂದು ಸರಣಿ. ಒಂದರಲ್ಲಿ ಮುದುಕರ ಮುಖ ಕೊಂಬೆಗಳಾಗಿ ಚಾಚಿಕೊಂಡು ಎಲೆಗಳನ್ನು ಉದುರಿಸುತ್ತದೆ. ಇನ್ನೊಂದರಲ್ಲಿ ಖಾಲಿ ಗೂಡು. ಮತ್ತೊಂದರಲ್ಲಿ ಒಣಗಿದ ತೊರೆಯ ತಳದಲ್ಲಿ ಒಂದು ಕುರ್ಚಿ. ಮೊದಲ ಮೂರನ್ನು ಕಂಡಾಗ ನಾನು ಮೆಚ್ಚಿ, ಮುಂದುವರಿಸಿ ಎಂದೆ. ಆ ಸಲಹೆ ತಪ್ಪಾಗಿತ್ತು, ಅದರಿಂದ ಅವರ ನಾಲ್ಕೈದು ತಿಂಗಳು ಹೋದವು. ಒಂಬತ್ತನ್ನೂ ಸಾಲಾಗಿ ಗೋಡೆಗೆ ಒರಗಿಸಿ ಐದಾರು ಸ್ನೇಹಿತರನ್ನು ಕರೆದಾಗ, ಬಂದವರು ಪ್ರತಿಯೊಂದರ ಮುಂದೆಯೂ ಕ್ಷಣಹೊತ್ತು ನಿಂತು, ಅರ್ಥವಾಯಿತು ಎಂಬಂತೆ ತಲೆದೂಗಿ ಮುಂದೆ ಸಾಗಿದರು. ಅರ್ಥ ತಿಳಿದ ಮೇಲೆ ಅಲ್ಲಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಎಲೆ ಯಾವ ಮರದ್ದೆಂದು ಕೇಳಿದರೆ ಕಲಾವಿದೆಗೇ ಉತ್ತರ ಗೊತ್ತಿರಲಿಲ್ಲ. ಅದು "ಉದುರುವ ಎಲೆ", ಅಷ್ಟೆ.

ಆ ದಿನಗಳಲ್ಲಿ ನಾವು ಜರ್ಮನ್ ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರ ಒಂದು ಶಿಲ್ಪದ ಬಗ್ಗೆ ಬಹಳ ಮಾತಾಡಿದೆವು. ಅವರ ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಯುದ್ಧಕ್ಕೆ ಬಲಿಯಾದ. ಅದೇ ವರ್ಷದ ಕೊನೆಗೆ ಸ್ಮಾರಕದ ಯೋಚನೆ ಮೊಳೆತರೂ ಅದು ಸಮಾಧಿಸ್ಥಳದಲ್ಲಿ ನಿಂತದ್ದು 1932ರಲ್ಲಿ. ಆರಂಭದ ಯೋಜನೆಯಲ್ಲಿ ಮಲಗಿದ ಮಗನ ಆಕೃತಿಯೂ ಇತ್ತು. ಕೊನೆಗೆ ಉಳಿದದ್ದು ಮಂಡಿಯೂರಿದ ತಂದೆ ಮತ್ತು ತಾಯಿ ಮಾತ್ರ. ನಡುವೆ ಒಮ್ಮೆ ಕೆಲಸವನ್ನೇ ಕೈಬಿಟ್ಟು, ವರ್ಷಗಳ ಬಳಿಕ ಮತ್ತೆ ಕೈಗೆತ್ತಿಕೊಂಡಿದ್ದರು. ದುಃಖದ ಕಾರಣವನ್ನೇ ಶಿಲ್ಪದಿಂದ ತೆಗೆದುಹಾಕುವ ಧೈರ್ಯ ಬರಲು ಅಷ್ಟು ಕಾಲ ಹಿಡಿಯಿತೇನೋ ಎಂದು ನನಗೆ ಅನಿಸುತ್ತದೆ. ನಮ್ಮ ಕಲಾವಿದೆ ಆ ಒಂಬತ್ತು ಚಿತ್ರಗಳನ್ನು ಮತ್ತೆ ಯಾರಿಗೂ ತೋರಿಸಲಿಲ್ಲ.

ಎರಡನೆಯ ಪ್ರಯತ್ನ: ಗಿಡಗಳ ಬಣ್ಣ

ಸಂಕೇತ ಬೇಡವೆಂದಾದ ಮೇಲೆ ಅವರ ಗಮನ ಸಾಮಗ್ರಿಯ ಕಡೆಗೆ ತಿರುಗಿತು. ನಿಸರ್ಗದ ಚಿತ್ರ ಬರೆಯುವ ಬದಲು ನಿಸರ್ಗದಿಂದಲೇ ಬರೆದರೆ ಹೇಗೆ ಎಂಬ ಯೋಚನೆ ಅದು. ಮನೆಯಂಗಳದ ಹೂವು, ಎಲೆ, ತೊಗಟೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಚಿಟಿಕೆ ಪಟಿಕ ಸೇರಿಸಿ ಬಣ್ಣ ಮಾಡಿಕೊಂಡರು. ತಂದೆಯೂ ಪಕ್ಕದಲ್ಲಿ ಕೂತು ದಾಸವಾಳದ ಎಸಳುಗಳನ್ನು ಬಿಡಿಸಿ ಕೊಡುತ್ತಿದ್ದರು. ಆ ಕೆಲಸದಲ್ಲಿ ಅವರ ಕೈ ಎಂದೂ ತಡವರಿಸಲಿಲ್ಲ.

ಈ ಬಣ್ಣಗಳಲ್ಲಿ ಕಲಾವಿದೆಗೆ ಹಿಡಿಸಿದ್ದು ಅವುಗಳ ಚಂಚಲತೆ. ದಾಸವಾಳದಂಥ ಕೆಂಪು ಹೂಗಳ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್ ಎಂಬ ವಸ್ತು ಹುಳಿ ತಗುಲಿದರೆ ಕೆಂಪಾಗುತ್ತದೆ, ಕ್ಷಾರ ತಗುಲಿದರೆ ನೀಲಿ ಹಸಿರುಗಳ ಕಡೆಗೆ ವಾಲುತ್ತದೆ. ಕುಂಚದಲ್ಲಿ ನೇರಳೆಯಾಗಿದ್ದದ್ದು ಕಾಗದಕ್ಕೆ ತಾಗಿ ಒಣಗುವಷ್ಟರಲ್ಲಿ ಬೂದುನೀಲಿಯಾಗುತ್ತಿತ್ತು. ಚಿತ್ರಕಾಗದ ಬಾಳಿಕೆ ಬರಲೆಂದು ಅದಕ್ಕೆ ಕ್ಷಾರಗುಣದ ಸುಣ್ಣದಂಶ ಸೇರಿಸಿರುವುದು ಇದಕ್ಕೆ ಕಾರಣವೆಂದು ಗೊತ್ತಾದಾಗ ಅವರಿಗಾದ ಸಂತೋಷವನ್ನು ನಾನು ಕಂಡಿದ್ದೇನೆ. ಬಹುಕಾಲದ ನಂತರ ಅವರ ಹಾಳೆಗಳ ಮೇಲೆ ಅವರಿಗೇ ಗೊತ್ತಿಲ್ಲದ ಏನೋ ನಡೆಯುತ್ತಿತ್ತು. ನಾಲ್ಕು ಚಿತ್ರಗಳು ಒಂದು ಸಮೂಹ ಪ್ರದರ್ಶನಕ್ಕೆ ಹೋದವು. ಎರಡು ಮಾರಾಟವಾದವು.

ನಾಲ್ಕು ತಿಂಗಳ ಮೇಲೆ ಕೊಂಡವರೊಬ್ಬರಿಂದ ಕರೆ ಬಂತು. ಚಿತ್ರದ ಬಣ್ಣ ಹೊರಟುಹೋಗಿದೆ ಎಂದರು, ಸೌಜನ್ಯದಿಂದಲೇ. ಕಲಾವಿದೆ ಅಲ್ಲಿಗೆ ಹೋಗಿ ನೋಡಿದರೆ ಚಿತ್ರ ಕಿಟಕಿಯ ಎದುರು ಗೋಡೆಯ ಮೇಲಿತ್ತು. ಬೂದುನೀಲಿ ಮತ್ತು ನೇರಳೆಯ ಜಾಗದಲ್ಲಿ ಒಣಹುಲ್ಲಿನ ಕಂದು ಮಾತ್ರ ಇತ್ತು. ಅದನ್ನು ಮನೆಗೆ ತಂದು, ಫ್ರೇಮಿನ ಹಿಂಬದಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಚಿತ್ರದ ಅಂಚನ್ನು ಮುಚ್ಚುವ ರಟ್ಟಿನ ಚೌಕಟ್ಟಾದ ಮೌಂಟನ್ನು ಎತ್ತಿದಾಗ, ಮೌಂಟಿನ ಅಡಿಯಲ್ಲಿ ಬೆಳಕು ಮುಟ್ಟದೆ ಉಳಿದಿದ್ದ ಬೆರಳಗಲದ ಅಂಚು ನಾಲ್ಕೂ ಕಡೆ ಮೊದಲ ದಿನದ ಬಣ್ಣದಲ್ಲೇ ಇತ್ತು. ಬಣ್ಣವಿದ್ದ ಕಡೆಗೂ ಇಲ್ಲದ ಕಡೆಗೂ ನಡುವೆ ಅಲಗಿನಿಂದ ಕೊಯ್ದಂಥ ಗೆರೆ. ಮರುದಿನ ನಾನು ಹೋದಾಗಲೂ ಅದು ಮೇಜಿನ ಮೇಲೆ ಹಾಗೆಯೇ ತೆರೆದಿತ್ತು. ಅವರು ಮಾತಾಡಲಿಲ್ಲ, ಅಂಚಿನ ಮೇಲೆ ಒಂದು ಕಪ್ಪು ಕಾಗದ ಮುಚ್ಚಿ, ಮತ್ತೆ ತೆಗೆದು ತೋರಿಸಿದರು.

ತೀರ್ಮಾನದ ಘಟ್ಟ

ಆ ವಾರ ಅವರು ತೆಗೆದುಕೊಂಡ ತೀರ್ಮಾನಗಳೇ ಈ ಪ್ರಕರಣದ ತಿರುಳು ಎಂದು ನಾನು ಭಾವಿಸುತ್ತೇನೆ.

ಹಣವನ್ನು ಹಿಂದಿರುಗಿಸುವ ವಿಷಯದಲ್ಲಿ ಅವರಿಗೆ ಎರಡನೆಯ ಯೋಚನೆಯೇ ಬರಲಿಲ್ಲ. ಇನ್ನೊಂದು ಚಿತ್ರವನ್ನು ಕೊಂಡವರಿಗೂ ತಾವಾಗಿಯೇ ಹೇಳಿ ಕಳುಹಿಸಿದರು. ಕಷ್ಟವಾದದ್ದು ಮುಂದಿನ ದಾರಿ. ವಿಷಯ ತಿಳಿದ ಕೆಲವು ಸ್ನೇಹಿತರು ಇದನ್ನೊಂದು ಭಾಗ್ಯವೆಂದೇ ಬಗೆದರು: ಬಣ್ಣ ಮಾಸುವುದು ತಂದೆಯ ಮರೆವಿಗೆ ಸರಿಯಾದ ರೂಪಕ, ಅದನ್ನೇ ಹೇಳಿ ಚಿತ್ರಗಳನ್ನು ಮಾಸಲು ಬಿಡಿ, ಜನ ಮೆಚ್ಚುತ್ತಾರೆ ಎಂದರು. ಜನ ಮೆಚ್ಚುತ್ತಿದ್ದರು ಎಂಬುದರಲ್ಲಿ ನನಗೂ ಅನುಮಾನವಿಲ್ಲ.

ಅವರು ಒಪ್ಪಲಿಲ್ಲ. ಕೊಟ್ಟ ಕಾರಣಗಳು ಎರಡು. ಮಾರುವಾಗ ಹೇಳದೆ ಇದ್ದದ್ದನ್ನು ಕೆಟ್ಟ ಮೇಲೆ ಉದ್ದೇಶವೆಂದು ಹೇಳುವುದು ಪ್ರಾಮಾಣಿಕವಲ್ಲ ಎಂಬುದು ಮೊದಲನೆಯದು. ಎರಡನೆಯದನ್ನು ಅವರ ದಿನಚರಿಯಿಂದಲೇ ಎತ್ತಿ ಕೊಡುತ್ತೇನೆ: "ಅಪ್ಪನ ಮರೆವು ಹೀಗೆ ಮಾಸುವುದಿಲ್ಲ. ಬೆಳಿಗ್ಗೆ ನನ್ನ ಹೆಸರು ಗೊತ್ತಿರುವುದಿಲ್ಲ, ಸಂಜೆಗೆ ಗೊತ್ತಿರುತ್ತದೆ. ಮೊನ್ನೆ ಗುರುತಿಸದೆ ಇದ್ದ ಮರವನ್ನು ಇಂದು ಹೆಸರು ಹಿಡಿದು ಕರೆದರು. ಹೋದ ಬಣ್ಣ ತಿರುಗಿ ಬರುವುದಿಲ್ಲ; ಇದು ಬರುತ್ತದೆ, ಹೋಗುತ್ತದೆ, ಬೇರೆಲ್ಲಿಂದಲೋ ಬರುತ್ತದೆ." ಎಲ್ಲರಿಗೂ ಸರಿಯೆನಿಸಿದ ರೂಪಕವು ವಾಸ್ತವದಲ್ಲಿ ತಪ್ಪಾಗಿತ್ತು. ತೊರೆಯ ನೀರಿನ ಬೆಳಕನ್ನು ನೋಡುವಷ್ಟೇ ನಿಖರವಾಗಿ ಅವರು ತಂದೆಯನ್ನೂ ನೋಡುತ್ತಿದ್ದರಾದ್ದರಿಂದ ಅದು ಅವರಿಗೆ ತಿಳಿಯಿತು. ಉದುರುವ ಎಲೆಯ ಚಿತ್ರಗಳು ಸೋತದ್ದೂ ಈ ನಿಖರತೆ ಅಲ್ಲಿ ಎರಡು ಕಡೆಯೂ ಇಲ್ಲದ್ದರಿಂದ, ಮರವನ್ನೂ ನೋಡಿರಲಿಲ್ಲ, ತಂದೆಯನ್ನೂ ನೋಡಿರಲಿಲ್ಲ, ಎಂಬುದು ನನಗೆ ಹೊಳೆದದ್ದು ಈ ಪುಟವನ್ನು ಓದಿದ ಮೇಲೆ.

ಮೂರನೆಯ ದಾರಿ: ಪರೀಕ್ಷೆ ಮತ್ತು ದಿಮ್ಮಿ

ಗಿಡದ ಬಣ್ಣಗಳನ್ನು ಬಿಡುವ ಮುನ್ನ ಅವುಗಳ ಗುಣವನ್ನು ಸರಿಯಾಗಿ ತಿಳಿಯಬೇಕೆಂದು ಅವರು 24 ಬಣ್ಣಗಳ ಪಟ್ಟಿಗಳನ್ನು ಮಾಡಿ, ಪ್ರತಿಯೊಂದರ ಅರ್ಧಕ್ಕೆ ಲೋಹದ ಹಾಳೆ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದರು. ಪಕ್ಕದಲ್ಲಿ ನೀಲಿ ಉಣ್ಣೆಯ ಅಳತೆಪಟ್ಟಿಯೂ ಇತ್ತು. ಅದರಲ್ಲಿ 1ರಿಂದ 8ರವರೆಗೆ ಎಂಟು ಉಣ್ಣೆ ತುಂಡುಗಳಿರುತ್ತವೆ, ಹಿಂದಿನದಕ್ಕಿಂತ ಮುಂದಿನದು ಮಾಸಲು ಸುಮಾರು ಎರಡು ಪಟ್ಟು ಬೆಳಕು ಬೇಕಾಗುವಂತೆ ಅವಕ್ಕೆ ಬಣ್ಣ ಹಾಕಿರುತ್ತಾರೆ. ಯಾವ ತುಂಡಿನ ಜೊತೆಗೆ ನಮ್ಮ ಬಣ್ಣ ಮಾಸಿತೋ ಅದರ ಅಂಕಿಯೇ ಆ ಬಣ್ಣದ ತಾಳಿಕೆ. ಅರಿಶಿನದ ಹಳದಿ ಎಲ್ಲಕ್ಕಿಂತ ಮೊದಲೇ ಹೋಯಿತು. ಹೂವಿನ ಬಣ್ಣಗಳು ಅದರ ಹಿಂದೆಯೇ ಹೋದವು. ತೊಗಟೆಯ ಕಂದುಗಳು ಹೆಚ್ಚು ಕಾಲ ನಿಂತವು. ಹೋಲಿಕೆಗೆಂದು ಇಟ್ಟಿದ್ದ ಕೆಮ್ಮಣ್ಣು ಮತ್ತು ದೀಪದ ಮಸಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಮಸಿ ಇಂಗಾಲದ್ದು. ಸಾವಿರಾರು ವರ್ಷಗಳ ಹಿಂದಿನ ಗುಹಾಚಿತ್ರಗಳಲ್ಲಿ ಇಂದಿಗೂ ಉಳಿದಿರುವುದು ಇಂಥವೇ. ಅತಿನೇರಳೆ ಕಿರಣವನ್ನು ತಡೆಯುವ ಗಾಜು ಹಾಕಿದರೆ ಮಾಸುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಒಡೆಯುತ್ತದೆ ಎಂಬುದನ್ನೂ ಅವರು ಈ ಪಟ್ಟಿಗಳಲ್ಲೇ ಕಂಡುಕೊಂಡರು.

ಪಟ್ಟಿಗಳನ್ನು ಪ್ರತಿ ಭಾನುವಾರ ನೋಡಿ ಬರೆದಿಡುವ ಅಭ್ಯಾಸದಿಂದ ಇನ್ನೊಂದು ಅಭ್ಯಾಸ ಹುಟ್ಟಿತು. ಮನೆಯ ಹಿಂದೆ ಗಾಳಿಗೆ ಉರುಳಿದ ಮರವೊಂದರ ದಿಮ್ಮಿ ಬಿದ್ದಿತ್ತು. ಹಿತ್ತಿಲ ಬಾಗಿಲಲ್ಲಿ ಕೂತರೆ ದಿಮ್ಮಿಯೂ ಕಾಣುತ್ತಿತ್ತು, ಒಳಗೆ ಮಲಗಿದ ತಂದೆಯೂ ಕಾಣುತ್ತಿದ್ದರು. ತಂದೆ ಮಧ್ಯಾಹ್ನ ಮಲಗುವ 40 ನಿಮಿಷದಲ್ಲಿ ದಿನಕ್ಕೊಂದು ಹಾಳೆಯಂತೆ ಆ ದಿಮ್ಮಿಯನ್ನು ಬರೆಯುವುದೆಂದು ಅವರು ನಿಶ್ಚಯಿಸಿದರು. ಛಾಯಾಚಿತ್ರವಿಲ್ಲ. ಒಂದು ಹಾಳೆಯನ್ನು ಮರುದಿನ ತಿದ್ದುವಂತಿಲ್ಲ. ಹಾಳೆಯ ಹಿಂದೆ ದಿನಾಂಕ, ಹೊತ್ತು, ಹವೆ ಬರೆಯಬೇಕು. ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಆಕಾಶವನ್ನು ಮಾತ್ರ ಬರೆದ ಸಣ್ಣ ತೈಲಚಿತ್ರಗಳಲ್ಲಿ ಹಲವುಗಳ ಹಿಂಬದಿಯಲ್ಲಿ ದಿನ, ಗಂಟೆ, ಗಾಳಿಯ ದಿಕ್ಕನ್ನು ಗುರುತು ಹಾಕಿದ್ದನ್ನು ನಾನು ಹೇಳಿದ್ದೆ. ಅದು ಅವರಿಗೆ ಹಿಡಿಸಿತ್ತು. ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ 1890 ಮತ್ತು 1891ರಲ್ಲಿ ಒಂದೇ ಬಗೆಯ ಬಣವೆಗಳನ್ನು ಸುಮಾರು 25 ಕ್ಯಾನ್ವಾಸುಗಳಲ್ಲಿ ಬರೆದದ್ದನ್ನೂ ನೆನಪಿಸಿದ್ದೆ. ಆದರೆ ಬಣವೆಯ ಮೇಲೆ ಬದಲಾಗುವುದು ಮುಖ್ಯವಾಗಿ ಬೆಳಕು. ಇಲ್ಲಿ ವಸ್ತುವೇ ಕರಗುತ್ತಿತ್ತು.

ಮೊದಲ ಕೆಲವು ವಾರ ಹಾಳೆಗಳು ಸಾಧಾರಣವಾಗಿದ್ದವು. ಎರಡನೆಯ ತಿಂಗಳ ಕೊನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಎಲ್ಲವನ್ನೂ ಬದಲಿಸಿತು. ಹತ್ತು ದಿನಗಳ ಹಾಳೆಗಳನ್ನು ಸಾಲಾಗಿ ಇಟ್ಟು ನೋಡುತ್ತಿದ್ದಾಗ, ದಿಮ್ಮಿಯ ಕೊಯ್ದ ತುದಿಯಲ್ಲಿ ಬೀಸಣಿಗೆಯಂತೆ ಹರಡಿದ್ದ ಅಣಬೆಯ ಅಂಚು ಹತ್ತೂ ಹಾಳೆಗಳಲ್ಲಿ ಒಂದೇ ಜಾಗದಲ್ಲಿರುವುದು ಕಂಡಿತು. ಬಾಗಿಲಿಗೆ ಹೋಗಿ ನೋಡಿದರೆ ಅದು ಎರಡು ಬೆರಳಷ್ಟು ಮುಂದೆ ಬೆಳೆದಿತ್ತು. ಹತ್ತು ದಿನವೂ ಅವರು ಎದುರಿಗಿದ್ದ ಅಣಬೆಯನ್ನು ನೋಡದೆ, ಮೊದಲ ದಿನದ ನೆನಪನ್ನೇ ಬರೆದಿದ್ದರು. ಅವರು ಆ ಹತ್ತು ಹಾಳೆಗಳನ್ನು ಹರಿಯಲಿಲ್ಲ. ಹಿಂದೆ "ನೋಡದೆ ಬರೆದದ್ದು" ಎಂದು ಬರೆದು ಸಾಲಿನಲ್ಲೇ ಉಳಿಸಿಕೊಂಡರು. ಮರುದಿನದಿಂದ ಗೆರೆಯ ಸ್ವಭಾವವೇ ಬೇರೆಯಾಯಿತು. ತೊಗಟೆ ಮೊದಲು ಬಿಡುವುದು ಎಲ್ಲಿ, ಅದು ಕಳಚಿ ಬಿದ್ದಾಗ ಅಡಿಯಲ್ಲಿ ಹುಳು ಕೊರೆದ ಓಣಿಗಳು ಹೇಗೆ ಕವಲೊಡೆಯುತ್ತವೆ, ಮಳೆಯ ಮರುದಿನ ನೆನೆದ ಮರ ಯಾವ ಭಾಗದಲ್ಲಿ ಮೊದಲು ತಿಳಿಯಾಗುತ್ತದೆ, ಇವೆಲ್ಲ ಹಾಳೆಗೆ ಬಂದವು. ಒಂದು ಹಾಳೆಯಲ್ಲಿ ಬಿರುಕುಬಿಟ್ಟ ತೊಗಟೆಯ ಮೂರು ಇಂಚು ಮಾತ್ರ ಇದೆ, ಉಳಿದದ್ದೆಲ್ಲ ಖಾಲಿ. ಮುದಿ ಚರ್ಮದ ಹತ್ತಿರದ ನೋಟವೆಂದು ಅದನ್ನು ಕಂಡವರಲ್ಲಿ ಹೆಚ್ಚಿನವರು ಹೇಳುತ್ತಾರೆ. ಬರೆಯುವಾಗ ತನಗೆ ಆ ಯೋಚನೆಯೇ ಇರಲಿಲ್ಲ, ಆದರೆ ಅಂದು ಬೆಳಿಗ್ಗೆ ಅರ್ಧ ಗಂಟೆ ಅಪ್ಪನ ಕೈಗೆ ಎಣ್ಣೆ ಹಚ್ಚಿದ್ದೆ ಎಂದು ಅವರು ನನಗೆ ಹೇಳಿದ್ದಾರೆ.

ಪ್ರದರ್ಶನ ಮತ್ತು ಅದರ ಸುತ್ತಲಿನ ನಿರ್ಧಾರಗಳು

ಎರಡನೆಯ ವರ್ಷದಲ್ಲಿ ತಂದೆ ತೀರಿಕೊಂಡರು. ನಂತರದ 19 ದಿನಗಳಿಗೆ ಹಾಳೆಗಳಿಲ್ಲ. ಇಪ್ಪತ್ತನೆಯ ದಿನ ಮಧ್ಯಾಹ್ನ, ಅದೇ ಹೊತ್ತಿಗೆ, ಅವರು ಮತ್ತೆ ಬಾಗಿಲಲ್ಲಿ ಕೂತರು.

ಸರಣಿಯನ್ನು ತೋರಿಸುವ ಕಾಲ ಬಂದಾಗ ಅವರು ಆಯ್ದದ್ದು ಸುಮಾರು 300 ಹಾಳೆಗಳಲ್ಲಿ 41ನ್ನು. ಹಾಳೆಗಳಿಲ್ಲದ ದಿನಗಳ ಜಾಗವನ್ನು ಗೋಡೆಯ ಮೇಲೆ ಹಾಗೆಯೇ ಖಾಲಿ ಬಿಟ್ಟರು, ಅದಕ್ಕೆ ವಿವರಣೆಯನ್ನೇನೂ ಬರೆಯಲಿಲ್ಲ. ಗಿಡದ ಬಣ್ಣ ಬಳಸಿದ್ದ ಎಂಟು ಹಾಳೆಗಳನ್ನು ಪ್ರತ್ಯೇಕವಾಗಿ ಮಂದ ಬೆಳಕಿನಲ್ಲಿಟ್ಟರು. ಕಾಗದದ ಮೇಲಿನ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಮಿತಿಯನ್ನು ಇಲ್ಲಿ ಅಳೆದು ನೋಡಿ ಇಟ್ಟರು. ಕೊಳ್ಳುವವರಿಗೆ ಕೊಡುವ ಪತ್ರದಲ್ಲಿ ಪ್ರತಿ ಬಣ್ಣವೂ ಯಾವುದರಿಂದ ಬಂದದ್ದು, ಅವರ ಪರೀಕ್ಷೆಯಲ್ಲಿ ಎಷ್ಟು ತಾಳಿತು, ಯಾವುದು ಖಂಡಿತ ಮಾಸುತ್ತದೆ ಎಂಬುದು ಸ್ಪಷ್ಟವಾಗಿತ್ತು. ಹಾಗೆ ಬರೆದರೆ ಯಾರೂ ಕೊಳ್ಳುವುದಿಲ್ಲವೆಂದು ಪ್ರದರ್ಶನ ನಡೆಸಿದವರು ಎಚ್ಚರಿಸಿದ್ದರು. ಎಂಟರಲ್ಲಿ ಮೂರು ಹೋದವು, ಪತ್ರವನ್ನು ಪೂರ್ತಿ ಓದಿದವರೇ ಕೊಂಡರು.

ದಿನಚರಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ನಡುವೆ ಭಿನ್ನಾಭಿಪ್ರಾಯವಿತ್ತು. ತಂದೆ ಆಡಿದ ಮಾತುಗಳೆಲ್ಲ ಅದರಲ್ಲಿದ್ದವು, ಹಾಳೆಗಳ ಜೊತೆ ನಾಲ್ಕು ಪುಟಗಳನ್ನಾದರೂ ಇಡಿ ಎಂದು ನಾನು ಒತ್ತಾಯಿಸಿದೆ. ಅವರು ಒಂದು ತಿಂಗಳು ಯೋಚಿಸಿ ಬೇಡವೆಂದರು. ಆ ಮಾತುಗಳನ್ನು ಜನರ ಮುಂದೆ ಇಡಬಹುದೇ ಎಂದು ಆಡಿದವರನ್ನು ಕೇಳುವ ಕಾಲ ಮೀರಿತ್ತು. ಮೊದಲೇ ಕೇಳಿದ್ದರೂ ತಂದೆಯ ಒಪ್ಪಿಗೆಯನ್ನು ಒಪ್ಪಿಗೆಯೆಂದು ಹಿಡಿಯಲು ಆಗುತ್ತಿರಲಿಲ್ಲ ಎಂಬುದು ಮಗಳ ವಾದ. ಇಲ್ಲಿ ನಾನು ಬಳಸಿರುವ ದಿನಚರಿಯ ಸಾಲುಗಳೂ ಮಗಳು ಕಂಡದ್ದನ್ನು ಹೇಳುವಂಥವು, ತಂದೆಯ ಮಾತುಗಳಲ್ಲ. ಈಗ ಯೋಚಿಸಿದರೆ ಅವರದೇ ಸರಿ. ಆ ಪುಟಗಳಿದ್ದಿದ್ದರೆ ಜನ ಅವನ್ನೇ ಓದುತ್ತಿದ್ದರು, ದಿಮ್ಮಿಯನ್ನು ನೋಡುತ್ತಿರಲಿಲ್ಲ.

ಕಂಡುಬಂದದ್ದು

ಆದಾಯದ ದೃಷ್ಟಿಯಿಂದ ಆ ವರ್ಷ ಹಿಂದಿನ ವರ್ಷಗಳಿಗಿಂತ ಕಡಿಮೆಯಾಯಿತು, ಅದು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಹಳೆಯ ನೀರಿನ ಚಿತ್ರಗಳನ್ನು ಕೇಳಿಕೊಂಡು ಬರುವವರಿಗಾಗಿ ವರ್ಷಕ್ಕೆ ಒಂದಷ್ಟನ್ನು ಅವರು ಈಗಲೂ ಬರೆಯುತ್ತಾರೆ, ಆದರೆ ಸ್ಥಳದಲ್ಲೇ ಕೂತು ಬರೆಯುತ್ತಾರೆ. 41 ಹಾಳೆಗಳಲ್ಲಿ ನನ್ನ ಲೆಕ್ಕಕ್ಕೆ ನಿಜವಾಗಿ ಗಟ್ಟಿಯಾದವು ಹದಿನೈದು. ಉಳಿದವುಗಳಲ್ಲಿ ಕೆಲವು ಸಾಲಿನ ಬಲದಿಂದ ನಿಲ್ಲುತ್ತವೆ, ಬಿಡಿಯಾಗಿ ನಿಲ್ಲಲಾರವು.

ಇಂಥದೇ ಇಕ್ಕಟ್ಟಿನಲ್ಲಿರುವವರಿಗೆ ಈ ಪ್ರಕರಣದಿಂದ ಎತ್ತಿಕೊಳ್ಳಬಹುದಾದದ್ದು ಕ್ರಮದ ಬಗ್ಗೆ ಇದೆ. ದಿನಕ್ಕೆ 40 ನಿಮಿಷ, ಒಂದೇ ಬಾಗಿಲು, ಒಂದೇ ವಸ್ತು ಎಂಬ ಕಟ್ಟು ಅವರು ಆರಿಸಿಕೊಂಡದ್ದಲ್ಲ, ಆರೈಕೆಯ ದಿನಚರಿ ಹೇರಿದ್ದು. ಅದರ ವಿರುದ್ಧ ಸೆಣಸುತ್ತಿದ್ದಷ್ಟು ಕಾಲ ಚಿತ್ರಗಳು ಸೋತವು. ಬಣ್ಣದ ಪರೀಕ್ಷೆಯನ್ನು ಅವರು ಕಲೆಯೆಂದು ಆರಂಭಿಸಿದವರಲ್ಲ, ತಪ್ಪೊಂದನ್ನು ಸರಿಪಡಿಸಲು ಆರಂಭಿಸಿದರು. ವಾರವಾರವೂ ನೋಡಿ, ಬದಲಾದದ್ದನ್ನು ಬದಲಾದಷ್ಟೇ ಬರೆಯುವ ಶಿಸ್ತು ಅಲ್ಲಿಂದ ದಿಮ್ಮಿಗೆ ಬಂತು. ಗಿಡದ ಬಣ್ಣಗಳಿಂದ ಕೆಲಸ ಮಾಡುವವರು ಮಾರಾಟಕ್ಕೆ ಮುನ್ನ ಅರ್ಧ ಮುಚ್ಚಿದ ಒಂದು ಪಟ್ಟಿಯನ್ನಾದರೂ ಮೂರು ತಿಂಗಳು ಕಿಟಕಿಯಲ್ಲಿಟ್ಟು ನೋಡಲೇಬೇಕೆಂದು ನಾನು ಈಗ ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ಕಳೆದ ತಿಂಗಳ ಭೇಟಿಯಲ್ಲಿ ಹೊಸದೊಂದು ತೊಡಕು ಎದುರಾಯಿತು. ಸರಣಿಯ ಆರಂಭದ ಸುಮಾರು 30 ಹಾಳೆಗಳಲ್ಲಿ ಅವರು ಒಗರು ತೊಗಟೆಯ ಕಷಾಯಕ್ಕೆ ಕಬ್ಬಿಣದ ಉಪ್ಪು ಬೆರೆಸಿದ ಕಪ್ಪು ಶಾಯಿಯನ್ನು ಬಳಸಿದ್ದರು. ಇಂಥ ಶಾಯಿ ಗಾಳಿಗೆ ಮೊದಲು ಕಪ್ಪಾಗಿ, ಕಾಲ ಕಳೆದಂತೆ ಕಂದಾಗುತ್ತದೆ. ಕಬ್ಬಿಣವೂ ಆಮ್ಲವೂ ಹೆಚ್ಚಾದರೆ ಕಾಗದವನ್ನೇ ತಿನ್ನುತ್ತದೆ. ಎರಡು ಹಾಳೆಗಳನ್ನು ತಿರುವಿ ನೋಡಿದಾಗ, ದಿನಾಂಕ ಬರೆದ ಜಾಗದ ಪಕ್ಕದಲ್ಲೇ ಗೆರೆಗಳು ಕಂದು ನೆರಳಾಗಿ ಹಿಂಬದಿಗೆ ಇಳಿದಿದ್ದವು. ಆ 30 ಹಾಳೆಗಳನ್ನು ಅವರು ಮಾರಾಟದ ಪಟ್ಟಿಯಿಂದ ತೆಗೆದು, ಅವುಗಳಲ್ಲಿ ಈಗಾಗಲೇ ಹೋಗಿರುವ ನಾಲ್ಕನ್ನು ಕೊಂಡವರಿಗೆ ಪತ್ರ ಬರೆದಿದ್ದಾರೆ. ಕಿಟಕಿಯ ಪಕ್ಕದಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕಬ್ಬಿಣ ಬೆರೆಸಿದ ಶಾಯಿಯ ಆರು ಹೊಸ ಪಟ್ಟಿಗಳು ಈಗ ತೂಗುತ್ತಿವೆ.